ಬಡಾವಣೆಯ ಜನರ ಜೊತೆ ಸೇರಿ ಆರೋಗ್ಯ ಸಂಶೋಧನೆ ಮಾಡಿದವರು ಅನುಭವ ಹೇಳ್ತೀರಾ?

ಸಾರ್ವಜನಿಕ ಆರೋಗ್ಯ ಓದುತ್ತಿದ್ದೇನೆ. ದಿನಗೂಲಿಯವರೇ ಜಾಸ್ತಿ ಇರುವ ಬಡಾವಣೆಯಲ್ಲಿ ಬಿಪಿ ಮಾತ್ರೆ ನಡುವೆ ಬಿಡುವವರ ಬಗ್ಗೆ ಕೆಲಸ. ಅಲ್ಲಿನ ಜನರನ್ನೂ ಪಾಲುದಾರರಾಗಿ ಸೇರಿಸಿಕೊಳ್ಳಿ ಅಂತ ಗೈಡ್ ಹೇಳಿದ್ದಾರೆ. ಪ್ರಶ್ನಾವಳಿ ರೆಡಿ ಇದೆ. ಹೇಗೆ ಶುರು ಮಾಡಲಿ?

*

ಪ್ರಶ್ನಾವಳಿ ರೆಡಿ ಇದೆ ಅಂದ್ರಲ್ಲ, ಅದನ್ನು ಸ್ವಲ್ಪ ದಿನ ಬ್ಯಾಗಲ್ಲೇ ಇಡಿ. ನಾವೂ ಹಾಗೇ ಹೋಗಿದ್ದೆವು. ‘ನೀವು ಯಾಕೆ ಆಸ್ಪತ್ರೆಗೆ ಸರಿಯಾಗಿ ಹೋಗುವುದಿಲ್ಲ?’ ಅಂತ ಒಂದು ಪ್ರಶ್ನೆ ಇತ್ತು. ಮೊದಲ ಸಭೆಯಲ್ಲೇ ಒಬ್ಬ ಅಮ್ಮ, ‘ತಪ್ಪೆಲ್ಲಾ ನಮ್ಮದೇ ಅನ್ನೋ ಹಾಗೆ ಕೇಳ್ತೀರಲ್ಲ’ ಅಂದರು. ಕೊನೆಗೆ ಅವರೇ ಕೂತು ಅದನ್ನು ‘ಹೋದ ಸಲ ಆಸ್ಪತ್ರೆಗೆ ಹೋದಾಗ ಏನಾಯ್ತು?’ ಅಂತ ಬದಲಾಯಿಸಿದರು. ಹಳೇ ಪ್ರಶ್ನೆಗೆ ‘ಟೈಮಿಲ್ಲ’ ಅನ್ನುವ ಒಂದೇ ಮಾತು ಬರುತ್ತಿತ್ತು. ಹೊಸದಕ್ಕೆ ಜನ ಮಾತು ನಿಲ್ಲಿಸಲೇ ಇಲ್ಲ. ಚೀಟಿ ಕೊಡುವುದು ಬೆಳಗ್ಗೆ ಮಾತ್ರ, ಕ್ಯೂನಲ್ಲಿ ನಿಂತರೆ ಆ ದಿನದ ಕೂಲಿ ಹೋಯ್ತು, ಅಷ್ಟು ನಿಂತರೂ ಮಾತ್ರೆ ಸಿಗುವುದು 15 ದಿನಕ್ಕಷ್ಟೇ, ಆಮೇಲೆ ಮತ್ತೆ ಒಂದು ಕೂಲಿ ಕಳೆದುಕೊಳ್ಳಬೇಕು. ತಿಳಿವಳಿಕೆ ಸಾಲದು ಅಂದುಕೊಂಡು ಪೋಸ್ಟರ್ ಮಾಡಿಸಲು ಹೊರಟಿದ್ದವರು ನಾವು! ಪೋಸ್ಟರ್ ಬಿಟ್ಟು, ಜನರ ಜೊತೆಗೇ ಹೋಗಿ ಒಂದು ತಿಂಗಳ ಮಾತ್ರೆ ಒಟ್ಟಿಗೆ ಕೊಡಿ ಅಂತ ಕೇಳಿದೆವು. ಸಂಶೋಧನೆಯ ಪ್ರಶ್ನೆ ಅಲ್ಲಿಂದಲೇ ಹುಟ್ಟಬೇಕು. ಉತ್ತರ ಕೊಡೋಕೆ ಮಾತ್ರ ಅವರನ್ನು ಕರೆದರೆ ಅದು ಮಾಮೂಲಿ ಸರ್ವೆ, ಅಷ್ಟೇ.

*

ಮೇಲಿನವರು ಹೇಳಿದ್ದು ನಿಜ. ಸಭೆಯಲ್ಲಿ ಬಾಯಿ ಬಿಡದವರೂ ಇರ್ತಾರೆ, ಅವರಿಗೆ ಫೋಟೋವಾಯ್ಸ್ ಮಾಡಿ ನೋಡಿ. ಕ್ಯಾಮೆರಾವನ್ನು ಜನರ ಕೈಗೇ ಕೊಟ್ಟು, ಅವರು ತೆಗೆದ ಫೋಟೋ ಇಟ್ಟುಕೊಂಡು ಮಾತಾಡುವ ವಿಧಾನ. 1990ರ ದಶಕದಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರ್ರಿಸ್ ಚೀನಾದ ಯುನ್ನಾನ್‌ನಲ್ಲಿ ಹಳ್ಳಿ ಹೆಂಗಸರ ಜೊತೆ ಇದನ್ನು ಬೆಳೆಸಿದರು. ನಮ್ಮ ಗುಂಪಿನಲ್ಲಿ ಸುಮ್ನೆ ಕೂರುತ್ತಿದ್ದ ಒಬ್ಬ ಅಜ್ಜಿ ತಂದಿದ್ದು ಒಂದೇ ಫೋಟೋ, ಆಸ್ಪತ್ರೆ ಬಾಗಿಲ ಮುಂದಿನ ಮೂರು ಮೆಟ್ಟಿಲು. ಹಿಡಿದುಕೊಳ್ಳೋಕೆ ಕಂಬಿ ಇರಲಿಲ್ಲ. ಮಂಡಿ ನೋವಿಗೆ ತೋರಿಸಲು ಹೋಗುವವರು ಆ ಮೆಟ್ಟಿಲು ಹತ್ತಬೇಕು, ಅಲ್ವಾ? ನಮ್ಮ ಪಟ್ಟಿಯಲ್ಲಿ ಆ ಮೆಟ್ಟಿಲು ಇರಲೇ ಇಲ್ಲ. ಒಂದು ಎಚ್ಚರಿಕೆ: ಫೋಟೋದಲ್ಲಿ ಬೇರೆಯವರ ಮುಖ ಬಂದರೆ ಮೊದಲು ಅವರ ಒಪ್ಪಿಗೆ ಕೇಳಿ.

*

ಮಾಹಿತಿ ಯಾರದು ಅನ್ನೋದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಅಮೆರಿಕದ ಹವಾಸುಪಾಯ್ ಬುಡಕಟ್ಟಿನವರು 1990ರಿಂದ ರಕ್ತ ಕೊಟ್ಟಿದ್ದು ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆ ಅಂತ ನಂಬಿ. ಅದೇ ರಕ್ತವನ್ನು ಸಂಶೋಧಕರು ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ, ವಲಸೆಯ ಇತಿಹಾಸ ಅಂತ ಬೇರೆ ಕೆಲಸಕ್ಕೂ ಬಳಸಿದರು. ಕೋರ್ಟಿನವರೆಗೆ ಹೋಗಿ, 2010ರಲ್ಲಿ ರಾಜಿಯಾಗಿ ಉಳಿದ ರಕ್ತದ ಮಾದರಿಗಳು ವಾಪಸ್ ಬಂದವು. ಇಂಥದ್ದು ಒಂದು ಸಲ ನಡೆದರೆ ಆಮೇಲೆ ಬರುವವರಿಗೂ ಬಾಗಿಲು ಮುಚ್ಚುತ್ತದೆ.

ಇನ್ನೊಂದು ಮಾತು, ದುಡ್ಡಿನದು. ನಮಗೆ ಸಂಬಳ ಅಥವಾ ಫೆಲೋಶಿಪ್ ಇರುತ್ತದೆ, ಮನೆಮನೆಗೆ ನಮ್ಮ ಜೊತೆ ಅಲೆಯುವ ಅಲ್ಲಿನ ಹೆಂಗಸರಿಗೆ ‘ಸೇವೆ’ ಅಂತೀವಿ. ಅದು ತಪ್ಪು. ಅವರ ಕೂಲಿಯನ್ನು ಬಜೆಟ್‌ನಲ್ಲೇ ಬರೆಯಿರಿ. ಸಭೆ ಅವರ ಕೆಲಸ ಮುಗಿದ ಮೇಲೆ ಇಡಿ. ವರದಿ ಕಳಿಸುವ ಮುಂಚೆ ಅವರಿಗೆ ಓದಿ ಹೇಳಿ, ‘ನಾವು ಹೀಗೆ ಹೇಳಲಿಲ್ಲ’ ಅಂದರೆ ತಿದ್ದಿ. ಇಷ್ಟಕ್ಕೆಲ್ಲ ಟೈಮ್ ಬೇಕು, ಗೈಡ್ ಹತ್ತಿರ ಈಗಲೇ ಕೇಳಿಕೊಳ್ಳಿ.