ಕ್ಯೂಜಿಐಎಸ್‌ನಲ್ಲಿ ಅಳೆದರೆ ತೋಟ ಆರೂವರೆ ಗುಂಟೆ ಜಾಸ್ತಿ! ಎಲ್ಲಿ ತಪ್ಪಿದೆ?

ತೋಟದಮನೆ:
ಶಿರಸಿ ಕಡೆ ನಮ್ಮ ಅಡಿಕೆ ತೋಟ. ಪಹಣಿಯಲ್ಲಿ 2 ಎಕರೆ 10 ಗುಂಟೆ ಇದೆ, ಖರಾಬು ಇಲ್ಲ. ಬೇಲಿ ತಂತಿ ತರಬೇಕಿತ್ತು. ಸುತ್ತಳತೆ ತಿಳಿಯೋಣ ಅಂತ ಲ್ಯಾಪ್‌ಟಾಪ್‌ಗೆ ಕ್ಯೂಜಿಐಎಸ್ ಅನ್ನೋ ನಕ್ಷೆಯ ಸಾಫ್ಟ್‌ವೇರ್ ಹಾಕಿಕೊಂಡೆ. ಮೊದಲು ಓಪನ್‌ಸ್ಟ್ರೀಟ್‌ಮ್ಯಾಪ್ ತೆರೆದೆ, ಅದರ ಮೇಲೆ ಉಪಗ್ರಹ ಚಿತ್ರ ಇಟ್ಟೆ, ಅಳತೆ ಟೂಲ್ ಹಿಡಿದು ಗಡಿಯ ಉದ್ದಕ್ಕೂ ಕ್ಲಿಕ್ ಮಾಡುತ್ತಾ ಹೋದೆ. ಸುತ್ತಳತೆ 435 ಮೀಟರ್, ವಿಸ್ತೀರ್ಣ 9,780 ಚದರ ಮೀಟರ್. ಗುಂಟೆಗೆ 101.17ರಂತೆ ಭಾಗಿಸಿದರೆ 96.7 ಗುಂಟೆ. ಮೂರು ಸಲ ಅಳೆದರೂ ಅಷ್ಟೇ.

ಅಪ್ಪಯ್ಯನಿಗೆ ಹೇಳಿದೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ. "ಮೆಲ್ಲಗೆ ಮಾತಾಡು, ಪಕ್ಕದ ತೋಟದವರು ಕೇಳಿಸಿಕೊಂಡರೆ ನಾವೇ ಒತ್ತಿದ್ದೇವೆ ಅಂತಾರೆ" ಅಂದರು!

ಇನ್ನೊಂದು ಕಾಟ. ಫೋನಿನಲ್ಲಿ ಕಂಡ ತೋಟದ ಅಕ್ಷಾಂಶ, ರೇಖಾಂಶ 14.62, 74.84 ಅನ್ನು ಕೆಳಗಿನ ಪೆಟ್ಟಿಗೆಯಲ್ಲಿ ಹಾಕಿದರೆ ನಕ್ಷೆ ಆಫ್ರಿಕಾ ಪಕ್ಕದ ಸಮುದ್ರಕ್ಕೆ ಹೋಗಿ ಕೂರುತ್ತದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ನಕ್ಷೆಹುಚ್ಚ:
ಇದೆ! ಆ ಸಮುದ್ರವೇ ಸುಳಿವು. ಕಿಟಕಿಯ ಬಲ ಕೆಳಮೂಲೆ ನೋಡಿ, ಇಪಿಎಸ್‌ಜಿ:3857 ಅಂತ ಇರಬೇಕು. ನಕ್ಷೆಯಲ್ಲಿ ಜಾಗವನ್ನು ಅಂಕಿಯಲ್ಲಿ ಹೇಳುವ ಒಂದೊಂದು ಲೆಕ್ಕಕ್ಕೂ ಇಂಥ ಒಂದು ಸಂಖ್ಯೆ ಇದೆ. ಮೊದಲು ತೆರೆದ ಪದರದ ಲೆಕ್ಕವನ್ನೇ ಇಡೀ ಪ್ರಾಜೆಕ್ಟ್ ಹಿಡಿದುಕೊಳ್ಳುತ್ತದೆ. 3857 ಅಂದರೆ ವೆಬ್ ಮರ್ಕೇಟರ್, ಗುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಹರಡುವ ಒಂದು ಬಗೆ, ಅದರ ಅಂಕಿಗಳು ಮೀಟರ್‌ನಲ್ಲಿ. ನೀವು ಡಿಗ್ರಿ ಕೊಟ್ಟಿರಿ, ಅದು ಸೊನ್ನೆ ಬಿಂದುವಿನಿಂದ 14 ಮೀಟರ್ ಪೂರ್ವ, 74 ಮೀಟರ್ ಉತ್ತರ ಅಂದುಕೊಂಡಿತು. ಆ ಸೊನ್ನೆ ಇರುವುದು ಗಿನಿ ಕೊಲ್ಲಿಯಲ್ಲಿ.

ಆ ಮೂಲೆಯನ್ನು ಒತ್ತಿ 4326, ಅಂದರೆ ಡಿಗ್ರಿಯ ಲೆಕ್ಕ, ಆರಿಸಿಕೊಳ್ಳಿ. ಆಮೇಲೆ 74.84, 14.62 ಅಂತ ಹಾಕಿ, ರೇಖಾಂಶ ಮೊದಲು. ಫೋನಿನ ಕ್ರಮದಲ್ಲೇ ಹಾಕಿದರೆ ಈ ಸಲ ನಾರ್ವೆಯ ಉತ್ತರದ ಸಮುದ್ರ! ತೋಟ ಸಿಕ್ಕ ಕೂಡಲೇ ಕಂಟ್ರೋಲ್ + ಬಿ ಒತ್ತಿ ಬುಕ್‌ಮಾರ್ಕ್ ಮಾಡಿಡಿ. ಅಳೆಯುತ್ತಾ ನಕ್ಷೆ ಸರಿಸಬೇಕಾದರೆ ಸ್ಪೇಸ್ ಬಾರ್ ಹಿಡಿದು ಮೌಸ್ ಆಡಿಸಿ, ಕ್ಲಿಕ್ ಬೇಡ. ಮುಗಿಸುವಾಗ ಬಲ ಕ್ಲಿಕ್.

ಅಳತೆಗೆ ಬರೋಣ. ಅಳತೆಯ ಕಿಟಕಿಯಲ್ಲಿ ಕಾರ್ಟೀಸಿಯನ್, ಎಲಿಪ್ಸಾಯ್ಡಲ್ ಅಂತ ಎರಡು ಇವೆ. ನೀವು ಕಾರ್ಟೀಸಿಯನ್ ಒತ್ತಿದ್ದೀರಿ, ಅಲ್ವಾ? ಅದು ನಕ್ಷೆಯ ಹಾಳೆಯನ್ನು ಅಳೆಯುತ್ತದೆ, ನೆಲವನ್ನಲ್ಲ. ವೆಬ್ ಮರ್ಕೇಟರ್ ಸಮಭಾಜಕದಿಂದ ದೂರ ಹೋದಷ್ಟೂ ಎಲ್ಲವನ್ನೂ ಹಿಗ್ಗಿಸುತ್ತದೆ. ಶಿರಸಿಯಲ್ಲಿ ಉದ್ದ ನೂರಕ್ಕೆ ಮೂರೂವರೆ, ವಿಸ್ತೀರ್ಣ ನೂರಕ್ಕೆ ಏಳರಷ್ಟು ಜಾಸ್ತಿ. ಹೆಲ್ಸಿಂಕಿಯಲ್ಲಿ ನಿಮ್ಮ ತೋಟವಿದ್ದಿದ್ದರೆ ನಾಲ್ಕು ಪಟ್ಟು ಕಾಣುತ್ತಿತ್ತು! ಎಲಿಪ್ಸಾಯ್ಡಲ್ ಆರಿಸಿ, ಅದು ಭೂಮಿಯ ಉಬ್ಬಿದ ಆಕಾರದ ಮೇಲೇ ಅಳೆಯುತ್ತದೆ, ಪ್ರಾಜೆಕ್ಟ್ ಯಾವ ಲೆಕ್ಕದಲ್ಲಿದ್ದರೂ ಸರಿ ಬರುತ್ತದೆ. ಅದು ಮಸುಕಾಗಿದ್ದರೆ ಪ್ರಾಜೆಕ್ಟ್ ಪ್ರಾಪರ್ಟೀಸ್‌ಗೆ ಹೋಗಿ ಎಲಿಪ್ಸಾಯ್ಡ್ ಜಾಗದಲ್ಲಿ ಡಬ್ಲ್ಯೂಜಿಎಸ್ 84 (ಜಿಪಿಎಸ್ ಬಳಸುವ ಭೂಮಿಯ ಆಕಾರ) ಕೊಡಿ.

ಕಾರ್ಟೀಸಿಯನ್ನೇ ಬೇಕು ಅಂದರೆ ಪ್ರಾಜೆಕ್ಟನ್ನು 32643ಕ್ಕೆ, ಅಂದರೆ ಯುಟಿಎಂ 43 ಉತ್ತರಕ್ಕೆ ಬದಲಿಸಿ. ಯುಟಿಎಂ ಭೂಮಿಯನ್ನು ಆರಾರು ಡಿಗ್ರಿಯ ಪಟ್ಟಿಗಳಾಗಿ ಸೀಳಿ ಮೀಟರ್‌ನಲ್ಲಿ ಲೆಕ್ಕ ಕೊಡುತ್ತದೆ, 43 ಅಂಥ ಒಂದು ಪಟ್ಟಿ. ಅದು 72ರಿಂದ 78 ಡಿಗ್ರಿ ರೇಖಾಂಶದವರೆಗೆ. ಕೋಲಾರದವರು ಇದನ್ನು ನೋಡಿ 43 ಹಾಕಬೇಡಿ, ನಿಮ್ಮದು 44.

ಹಳೇಸರಪಳಿ:
ಮಾರಾಯ್ರೆ, ನಾವು 33 ಅಡಿ ಸರಪಳಿ ಎಳೆದವರು. ಸರಪಳಿಗೆ 16 ಆಣೆ, ಸರಪಳಿ ಚೌಕ ಒಂದು ಗುಂಟೆ. ಒಂದು ಮಾತು ಸೇರಿಸುತ್ತೇನೆ. ನಕ್ಷೆ ಕೊಡುವುದು ಮಟ್ಟದ ಅಳತೆ. ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ತಾಗಿಸಿ ಎಳೆದರೆ ಜಾಸ್ತಿ ಬಂದೇ ಬರುತ್ತದೆ. 20 ಡಿಗ್ರಿ ಇಳಿಜಾರಿನ 100 ಅಡಿ ನಕ್ಷೆಯಲ್ಲಿ 94 ಅಡಿ. ತಂತಿ ಮಾತ್ರ ನೆಲದ ಜೊತೆಗೇ ಹತ್ತಿ ಇಳಿಯುತ್ತದೆ, ಗುಡ್ಡದ ಬದಿಗೆ ಕೈ ಬಿಚ್ಚಿ ತನ್ನಿ. ಉಪಗ್ರಹ ಚಿತ್ರವೂ ಒಂದೆರಡು ಮಾರು ಸರಿದಿರುತ್ತದೆ. ಬೇಲಿ ಲೆಕ್ಕಕ್ಕೆ ಸಾಕು, ಜಗಳಕ್ಕೆ ಸಾಲದು. ಗಡಿ ಕಲ್ಲು ಹುಡುಕುವುದು ಸರ್ವೇಯರ್ ಕೆಲಸ.

ತೋಟದಮನೆ:
ಎಲಿಪ್ಸಾಯ್ಡಲ್ ಒತ್ತಿದೆ. 9,118 ಚದರ ಮೀಟರ್, ಅಂದರೆ 90 ಗುಂಟೆ ಚಿಲ್ಲರೆ! ಸುತ್ತಳತೆ 420. ಐದು ಸಾಲಿಗೆ 75 ಮೀಟರ್ ತಂತಿ ಉಳಿಯುತ್ತಿತ್ತು, ಅದನ್ನೀಗ ಗುಡ್ಡದ ಬದಿಯ ಲೆಕ್ಕಕ್ಕೆ ಇಟ್ಟುಕೊಂಡೆ. ಇಬ್ಬರಿಗೂ ಥ್ಯಾಂಕ್ಸ್.

ಅಪ್ಪಯ್ಯ ಮಾತ್ರ ಈಗ "ಹಾಗಾದ್ರೆ ಆ ಆರೂವರೆ ಗುಂಟೆ ಯಾರ ಪಾಲಾಯ್ತು?" ಅಂತ ಕೇಳುತ್ತಿದ್ದಾರೆ.