ಸಹಾಯ ಬೇಕು: ಕಾಳಗದ ನಡುವೆ ಕಥೆ ಸೊರಗುತ್ತಿದೆ

ಎಲ್ಲರಿಗೂ ನಮಸ್ಕಾರ. ಬಸವನಗುಡಿಯಲ್ಲಿ ನಾನೂ ನನ್ನ ತಂಗಿಯೂ ಸೇರಿ ಕನ್ನಡದಲ್ಲೇ ಒಂದು ರೋಲ್ ಪ್ಲೇಯಿಂಗ್ (ಆಡುವವರೇ ಕಥೆಯ ಪಾತ್ರವಾಗುವ) ವಿಡಿಯೊ ಗೇಮ್ ಕಟ್ಟುತ್ತಿದ್ದೇವೆ. ಈಗಿನ ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಕೆರೆಯಿತ್ತಲ್ಲ, ಅದರ ನೀರುಗಂಟಿಯ ಮಗಳೇ ನಾಯಕಿ.

ಅವಳು ಕಾಣೆಯಾದ ತಂದೆಯನ್ನು ಹುಡುಕುತ್ತಾ ಏರಿಯ ಮೇಲೆ ನಡೆಯುವಾಗ ಹತ್ತು ಹೆಜ್ಜೆಗೊಂದು ಕಾಳಗ. ಆಡಿ ನೋಡಿದ ಗೆಳೆಯರು ಸಂಭಾಷಣೆಯನ್ನೆಲ್ಲ ಓದದೆ ಹಾರಿಸಿದರು. ಕಾಳಗ ತೆಗೆದರೆ ಆಕಳಿಸಿದರು! 1995ರ ಇಂಥದ್ದೇ ಗೇಮ್ ಕ್ರೋನೋ ಟ್ರಿಗರ್‌ನಲ್ಲಿ ಶತ್ರುಗಳು ಬಹುಪಾಲು ಮೊದಲೇ ಕಣ್ಣಿಗೆ ಬೀಳುತ್ತಾರೆ, ಹೋರಾಟ ಬೇರೆ ತೆರೆಗೆ ಜಿಗಿಯದೆ ನಿಂತಲ್ಲೇ ನಡೆಯುತ್ತದೆ. ಕಥೆಯ ಎಳೆ ಕಡಿಯುವುದಿಲ್ಲ. ನನಗೆ ಅದೇ ದಾರಿ ಸರಿಯೆನಿಸುತ್ತದೆ, ತಂಗಿ ಒಪ್ಪುತ್ತಿಲ್ಲ.

ಅನುಭವವಿರುವವರು ಅರ್ಧ ಗಂಟೆ ಆಡಿ, ಎಲ್ಲಿ ಬೇಸರವಾಯಿತೆಂದು ತಿಳಿಸುವಿರಾ? ಭಾನುವಾರ ಬೆಳಿಗ್ಗೆ ಗಾಂಧಿ ಬಜಾರಿನಲ್ಲಿ ಲ್ಯಾಪ್‌ಟಾಪ್ ತರುತ್ತೇವೆ, ಕಾಫಿ ನಮ್ಮದು.