ಭರಣಿ ಒಡೆದಿದೆ, ವೈನ್ ಪ್ಲಾಸ್ಟಿಕ್ ಕ್ಯಾನಿನಲ್ಲಿದೆ. ಹುತ್ತರಿ ಹಬ್ಬದ ತನಕ ಇರುತ್ತದಾ?

ವಿರಾಜಪೇಟೆ ಸೊಸೆ:
ಪ್ರತಿ ಮಳೆಗಾಲ ನಮ್ಮ ಮನೆಯಲ್ಲಿ ವೈನ್ ಹಾಕುತ್ತೇವೆ. ಅತ್ತೆಯ ಕಾಲದಿಂದ ಒಂದೇ ಲೆಕ್ಕ: 5 ಕೆ.ಜಿ. ಕಪ್ಪು ದ್ರಾಕ್ಷಿ, ಎರಡೂವರೆ ಕೆ.ಜಿ. ಸಕ್ಕರೆ, ಕುದಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ, ಸ್ವಲ್ಪ ಯೀಸ್ಟ್. 21 ದಿನ ಮರದ ಸೌಟಿನಲ್ಲಿ ತಿರುವಿ, ಪಂಚೆ ಬಟ್ಟೆಯಲ್ಲಿ ಸೋಸಿ ಮತ್ತೆ ಭರಣಿಗೆ. ಈ ಸಲ ಭರಣಿ ತೊಳೆಯುವಾಗ ನನ್ನ ಕೈಯಿಂದಲೇ ಜಾರಿತು. ಅತ್ತೆ ಏನೂ ಅನ್ನಲಿಲ್ಲ. ಅದೇ ಹೆಚ್ಚು ಕಷ್ಟ.

ಸೋಸಿದ್ದು ಸುಮಾರು 7 ಲೀಟರ್. 10 ಲೀಟರಿನ ಬಿಳಿ ಕ್ಯಾನಿಗೆ ಹಾಕಿ ಆರು ವಾರ ಆಯಿತು. ತಳದಲ್ಲಿ ತ್ರಿಕೋನದೊಳಗೆ 2 ಅಂತಿದೆ. ಮೊದಲೆರಡು ವಾರ ಮುಚ್ಚಳ ತೆಗೆದರೆ ಬುಸ್ ಅನ್ನುತ್ತಿತ್ತು, ಈಗ ಇಲ್ಲ. ಪ್ರತಿ ಭಾನುವಾರ ಒಂದು ಸೌಟು ತೆಗೆದು ರುಚಿ ನೋಡುತ್ತೇವೆ. ಹೋದ ವಾರ ಯಾಕೋ ಚುರುಕ್ ಅಂತ ಹುಳಿ. ಪ್ಲಾಸ್ಟಿಕ್ಕಿಂದ ಆಗಿದ್ದಾ?

ಬೆಂದೂರಿನ ಅಜ್ಜಿ:
ಮಗಾ, ನಮ್ಮಲ್ಲಿ ಕ್ರಿಸ್‌ಮಸ್ ವೈನಿಗೆ ಪ್ಲಾಸ್ಟಿಕ್ ಮುಟ್ಟಿಸುವುದಿಲ್ಲ. ಉಪ್ಪಿನಕಾಯಿ ಹಾಕಿದ ಭರಣಿಯೂ ಬೇಡ, ಎಷ್ಟು ತೊಳೆದರೂ ವಾಸನೆ ಬಿಡುವುದಿಲ್ಲ. ಹೊಸ ಭರಣಿ ತಗೋ.

ಅಟ್ಟದ ಮೇಲಿನವ:
ಅಜ್ಜಿ ಹೇಳಿದ್ದು ಸರಿ. ಆದರೆ ಅಕ್ಕಾ, ನಿಮ್ಮ ವೈನ್ ಹುಳಿಯಾಗಿದ್ದಕ್ಕೆ ಕ್ಯಾನಿಗಿಂತ ನಿಮ್ಮ ಭಾನುವಾರವೇ ಜಾಸ್ತಿ ಕಾರಣ.

ನಾನು ಎರಡು ಸಲ ಕೆಡಿಸಿ ಕಲಿತವನು. 10 ಲೀಟರ್ ಕ್ಯಾನಿನಲ್ಲಿ 7 ಲೀಟರ್ ಅಂದರೆ ಮೇಲೆ 3 ಲೀಟರ್ ಖಾಲಿ. ಯೀಸ್ಟ್ ಕೆಲಸ ಮಾಡುವಾಗ ಬರುವ ಗ್ಯಾಸು ಆ ಜಾಗ ತುಂಬಿ ವೈನಿಗೆ ಹೊದಿಕೆಯಾಗಿರುತ್ತದೆ. ಬುಸ್ ನಿಂತಿತು ಅಂದರೆ ಆ ಗ್ಯಾಸು ಬರುವುದು ನಿಂತಿದೆ. ಆಮೇಲೆ ಪ್ರತಿ ಸಲ ಮುಚ್ಚಳ ತೆಗೆದಾಗ ಒಳಗೆ ಹೋಗುವುದು ಬರೀ ಗಾಳಿ. ವಿನೆಗರ್ ಮಾಡುವ ಬ್ಯಾಕ್ಟೀರಿಯಾಕ್ಕೆ ಬೇಕಾಗಿದ್ದೂ ಅದೇ.

ಕ್ಯಾನಿನ ಪಾಲೂ ಇದೆ. 2 ಅಂದರೆ ಎಚ್‌ಡಿಪಿಇ ಅನ್ನುವ ಪ್ಲಾಸ್ಟಿಕ್. ದ್ರಾಕ್ಷಿ ಹುದುಗಿಸಲು ಪರವಾಗಿಲ್ಲ, ತಿಂಗಳುಗಟ್ಟಲೆ ಇಡಲು ಅಲ್ಲ. ಅದರ ಗೋಡೆಯ ಮೂಲಕವೂ ಗಾಳಿ ನಿಧಾನವಾಗಿ ನುಸುಳುತ್ತದೆ. ಇನ್ನೊಂದು, ಆ ನಂಬರ್ ಹೇಳುವುದು ಪ್ಲಾಸ್ಟಿಕ್ಕಿನ ಜಾತಿ ಮಾತ್ರ. ಆಹಾರ ಹಾಕಬಹುದಾ ಅಂತ ತಿಳಿಯಲು ಲೋಟ-ಫೋರ್ಕ್ ಗುರುತು ಹುಡುಕಿ.

ಈಗ ಭರಣಿ ಇಲ್ಲದಿದ್ದರೆ ಸೋಡಾ, ಕೋಲಾ ಬಾಟಲಿ ಸಾಕು. ಅದು ಪೆಟ್, ನಂಬರ್ 1. ಗ್ಯಾಸು ಹಿಡಿದಿಡಲೆಂದೇ ಮಾಡಿದ್ದು. ನೀರಿನ ತೆಳು ಬಾಟಲಿ ಬೇಡ. ಪೆಟ್ ಬಾಟಲಿಗೂ ಮಿತಿಯಿದೆ. ಅಂಗಡಿಯಲ್ಲಿ ವರ್ಷ ಕೂತ ಸೋಡಾದಲ್ಲಿ ಖಾರ ಇರುವುದಿಲ್ಲ ಅಲ್ವಾ? ಗ್ಯಾಸು ಹೊರಗೆ ಹೋಗುವಂತೆ ಗಾಳಿ ಒಳಗೂ ಬರುತ್ತದೆ. ಎರಡು-ಮೂರು ತಿಂಗಳಿಗೆ ಚಿಂತೆಯಿಲ್ಲ. ಮೂರು ವರ್ಷ ಹಳೆಯದು ಬೇಕಾದರೆ ಗಾಜು.

ಬಾಟಲಿಗೆ ಕುದಿಯುವ ನೀರು ಹಾಕಬೇಡಿ, ಮುದುಡಿಕೊಳ್ಳುತ್ತದೆ. ಗಷ್ಟು ಕದಡದಂತೆ ಸಣ್ಣ ಪೈಪಿನಲ್ಲಿ ಇಳಿಸಿ. ಬಾಟಲಿ ಹಿಸುಕಿ ವೈನ್ ಬಾಯಿಯ ತನಕ ಬಂದಮೇಲೆ ಮುಚ್ಚಳ ಬಿಗಿ ಮಾಡಿ. ಕತ್ತಲಲ್ಲಿ, ಒಲೆಯಿಂದ ದೂರ ಇಡಿ.

ವಾರಕ್ಕೊಮ್ಮೆ ಬಾಟಲಿ ಒತ್ತಿ ನೋಡಿ. ಕಲ್ಲಿನಂತೆ ಗಟ್ಟಿಯಾಗಿದ್ದರೆ ಒಳಗೆ ಇನ್ನೂ ಹುದುಗುತ್ತಿದೆ, ಮುಚ್ಚಳ ಸಡಿಲಿಸಿ ಗ್ಯಾಸು ಬಿಡಿ. ಈ ಒಂದು ವಿಷಯದಲ್ಲಿ ಪ್ಲಾಸ್ಟಿಕ್ ಗಾಜಿಗಿಂತ ಮೇಲು. ನಾನು ಅವಸರದಲ್ಲಿ ಗಾಜಿನ ಬಾಟಲಿಗೆ ತುಂಬಿ ಬಿರಡೆ ಹಾಕಿ ಅಟ್ಟದ ಮೇಲಿಟ್ಟಿದ್ದೆ. ಎಂಟರಲ್ಲಿ ಮೂರು ರಾತ್ರಿ ಎರಡು ಗಂಟೆಗೆ ಸಿಡಿದವು. ಅಕ್ಕಿ ಡಬ್ಬ, ಗೋಡೆ, ಎಲ್ಲ ನೇರಳೆ. ನನ್ನ ಹೆಸರು ಬಂದಿದ್ದು ಅಲ್ಲಿಂದ.

ಬೆಂದೂರಿನ ಅಜ್ಜಿ:
ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರಕ್ಕೂ ಹಾಕಬೇಡ. ಹುಳಿ ಅದನ್ನು ತಿನ್ನುತ್ತದೆ. ಇದನ್ನು ಆ ಹುಡುಗ ಹೇಳಲಿಲ್ಲ.

ವಿರಾಜಪೇಟೆ ಸೊಸೆ:
ಪೂರ್ತಿ ವಿನೆಗರ್ ಆಗಿದ್ದರೆ ಮತ್ತೆ ಸರಿ ಮಾಡಬಹುದಾ?

ಅಟ್ಟದ ಮೇಲಿನವ:
ಇಲ್ಲ. ಸಕ್ಕರೆ ಹಾಕಿದರೆ ಸಿಹಿ ವಿನೆಗರ್ ಆಗುತ್ತದೆ ಅಷ್ಟೆ. ಮೂಗಿಗೆ ಚುರುಕ್ ಅನ್ನದೆ ನಾಲಿಗೆಗೆ ಮಾತ್ರ ಹುಳಿಯಿದ್ದರೆ ಅದು ದ್ರಾಕ್ಷಿಯದೇ ಇರಬಹುದು. ಮೂಸಿ ನೋಡಿ. ನೇಲ್ ಪಾಲಿಶ್ ವಾಸನೆ ಬಂದರೆ ಆಸೆ ಬಿಡಿ. ಪಂದಿ ಕರಿಗೆ ಸುರಿಯುತ್ತೇನೆ ಅನ್ನಬೇಡಿ, ಅದಕ್ಕೆ ನಿಮ್ಮ ಕೊಡಗಿನ ಕಪ್ಪು ಹುಳಿ, ಕಾಚಂಪುಳಿಯೇ ಇರಲಿ.

ವಿರಾಜಪೇಟೆ ಸೊಸೆ:
ಕಾಚಂಪುಳಿ ವಿಷಯ ನನಗೇ ಹೇಳುತ್ತೀರಾ!

ಮೂಸಿದೆ, ಮೂಗಿಗೆ ಏನೂ ಹೊಡೆಯಲಿಲ್ಲ. ನಾಲಿಗೆಯ ಹುಳಿ ಮಾತ್ರ. ಇವತ್ತು ಇಳಿಸಿಯೇ ಬಿಟ್ಟೆ. ಭಾನುವಾರದ ಸೌಟು, ತಳದ ಗಷ್ಟು ಎಲ್ಲ ಕಳೆದು 1 ಲೀಟರಿನ ಆರು ಬಾಟಲಿ ತುಂಬಿದವು. ಅತ್ತೆ ಪೈಪ್ ಹಿಡಿದರು, ಭರಣಿಯ ಮಾತು ಎತ್ತಲಿಲ್ಲ. ಕೊನೆಗೆ ಅರ್ಧ ಬಾಟಲಿಯಷ್ಟು ಮಿಕ್ಕಿತು. ಅರ್ಧ ಖಾಲಿ ಬಾಟಲಿ ಇಡಬಾರದಂತೆ ಅಂತ ಅತ್ತೆಗೆ ನಿಮ್ಮ ಮಾತು ಓದಿ ಹೇಳಿದೆ. ಅವರೇ ಎರಡು ಲೋಟ ತಂದರು.